ಲಿಂಕರ್ ತೆಗೆದುಹಾಕಿದ ದನಿ

ಜಿಗಣಿಯಲ್ಲಿ ಲಿಫ್ಟಿನ ಕಂಟ್ರೋಲ್ ಬೋರ್ಡುಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಪ್ರೋಗ್ರಾಂ ಬರೆಯುತ್ತೇನೆ. ಸೇರಿದಾಗ ನಾವು ನಾಲ್ಕು ಜನ ಇದ್ದೆವು. ಉಳಿದವರು ಒಬ್ಬೊಬ್ಬರಾಗಿ ವೈಟ್‌ಫೀಲ್ಡ್ ಕಡೆಯ ದೊಡ್ಡ ಕಂಪನಿಗಳಿಗೆ ಹೋದರು. ಮಾಲೀಕರು ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಈಗ ಆ ಕೋಣೆಯಲ್ಲಿ ನಾನೊಬ್ಬಳೇ. ಮಿಕ್ಕ ಮೇಜುಗಳ ಮೇಲೆ ಹಳೆಯ ಬೋರ್ಡುಗಳ ಪೆಟ್ಟಿಗೆಗಳಿವೆ. ಬೆಳಿಗ್ಗೆ ಗೇಟಿನಲ್ಲಿ ನಮಸ್ಕಾರ ಹೇಳಿದ ಮೇಲೆ ಸಂಜೆಯವರೆಗೂ ಬಾಯಿ ತೆರೆಯದ ದಿನಗಳಿರುತ್ತವೆ.

ಕಳೆದ ಚಳಿಗಾಲದಲ್ಲಿ ನಾವು ಬಳಸುತ್ತಿದ್ದ ಚಿಪ್ ಸಿಗದಂತಾಯಿತು. ಸಿಕ್ಕಿದ್ದರಲ್ಲಿ ಪ್ರೋಗ್ರಾಂ ಇಡುವ ಜಾಗ ಕಡಿಮೆ. ಹೇಗಾದರೂ ಮಾಡಿ ಇದರೊಳಗೇ ತುರುಕಬೇಕಮ್ಮ ಎಂದು ಮಾಲೀಕರು ಬಾಗಿಲಲ್ಲಿ ನಿಂತೇ ಹೇಳಿ ಹೋದರು.

ನಮ್ಮ ಪ್ರೋಗ್ರಾಂ ಎಷ್ಟೋ ವರ್ಷಗಳಿಂದ ಬೆಳೆದದ್ದು. ಈಗ ಯಾರೂ ಹಾಕಿಸದ ಲಿಫ್ಟುಗಳ ಕೋಷ್ಟಕಗಳು, ಎಂದೋ ಬಿಟ್ಟ ಡಿಸ್‌ಪ್ಲೇಯ ಚಿತ್ರಗಳು ಎಲ್ಲ ಒಳಗೇ ಕೂತಿದ್ದವು. ಒಂದೊಂದನ್ನೇ ಹುಡುಕಿ ಅಳಿಸುವುದು ಆಗದ ಮಾತು. ಅದಕ್ಕೊಂದು ದಾರಿಯಿದೆ. ಪ್ರತಿಯೊಂದು ಮಾಹಿತಿಯನ್ನೂ ಬೇರೆ ಬೇರೆ ಕಂತೆ ಮಾಡಿಡು ಎಂದು, ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿಗೆ ಹೇಳಬಹುದು. ಆಮೇಲೆ ಎಲ್ಲವನ್ನೂ ಜೋಡಿಸುವ ಲಿಂಕರಿಗೆ, ಯಾರೂ ಕೇಳದ ಕಂತೆಗಳನ್ನು ಕೈಬಿಡು ಎನ್ನಬಹುದು. ಪ್ರೋಗ್ರಾಂ ಶುರುವಾಗುವಲ್ಲಿಂದ ಹಿಡಿದು ಯಾವುದು ಯಾವುದನ್ನು ಕರೆಯುತ್ತದೆ ಎಂದು ಅದು ನೋಡುತ್ತ ಹೋಗುತ್ತದೆ. ದಾರಿಯಲ್ಲಿ ಸಿಗದದ್ದೆಲ್ಲ ಹೊರಗೆ.

ಎರಡೂ ಆಯ್ಕೆಗಳನ್ನು ಸೇರಿಸಿದೆ. ಪ್ರೋಗ್ರಾಂ ಹೊಸ ಚಿಪ್ಪಿನೊಳಗೆ ಆರಾಮಾಗಿ ಕೂತಿತು. ಖುಷಿಯಿಂದ ಯಾರಿಗಾದರೂ ಹೇಳೋಣವೆಂದು ತಿರುಗಿದರೆ ಪೆಟ್ಟಿಗೆಗಳಿದ್ದವು.

ಮಧ್ಯಾಹ್ನ ಅದನ್ನು ಅಂಗಳದಲ್ಲಿದ್ದ ಪರೀಕ್ಷೆಯ ಗೋಪುರದ ಲಿಫ್ಟಿಗೆ ಹಾಕಿ ಮೇಲೂ ಕೆಳಗೂ ಓಡಾಡಿದೆ. ಬಾಗಿಲು, ಗುಂಡಿ, ಮಹಡಿಯ ಹೆಸರು ಹೇಳುವುದು ಎಲ್ಲ ಸರಿಯಿತ್ತು. ಎರಡು ಮಹಡಿಗಳ ನಡುವೆ ಇದ್ದಾಗ ಕರೆಂಟು ಹೋಯಿತು.

ಬ್ಯಾಟರಿಯ ಸಣ್ಣ ದೀಪ ಹತ್ತಿತು. ಅದರ ಹಿಂದೆಯೇ ಒಂದು ದನಿ ಬರಬೇಕಿತ್ತು. ಗಾಬರಿಯಾಗಬೇಡಿ, ನೀವು ಸುರಕ್ಷಿತವಾಗಿದ್ದೀರಿ, ಸಹಾಯ ಬರುತ್ತಿದೆ. ಅದು ನನ್ನದೇ ದನಿ. ಸೇರಿದ ಹೊಸದರಲ್ಲಿ ಫ್ಯಾನ್ ಆರಿಸಿ ಆ ಕೋಣೆಯಲ್ಲೇ ರೆಕಾರ್ಡ್ ಮಾಡಿದ್ದೆವು. ಉಳಿದ ಮೂವರೂ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಕಾದೆ. ದನಿ ಬರಲಿಲ್ಲ. ಯಾಕೆಂದು ಅಲ್ಲೇ ಹೊಳೆಯಿತು. ಆ ಮಾತನ್ನು ನುಡಿಸುವುದು ಬ್ಯಾಟರಿಯಲ್ಲಿ ಓಡುವ ಇನ್ನೊಂದು ಪ್ರೋಗ್ರಾಂ. ಅದು ಚಿಪ್ಪಿನಲ್ಲಿ ದನಿಯಿಟ್ಟ ಜಾಗಕ್ಕೆ ನೇರವಾಗಿ ಹೋಗಿ ಓದಿಕೊಳ್ಳುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಅದನ್ನು ಕರೆಯುವವರು ಯಾರೂ ಇಲ್ಲ. ಲಿಂಕರ್ ಅದನ್ನು ಬೇಡವೆಂದು ತೆಗೆದುಹಾಕಿತ್ತು.

ಫೋನು ಮೇಜಿನ ಮೇಲಿತ್ತು. ಬಾಗಿಲು ಬಡಿದೆ, ಕೂಗಿದೆ. ಕೂಗಿ ಎಷ್ಟು ದಿನವಾಗಿತ್ತೋ, ಗಂಟಲು ಒಡೆದಂತಾಯಿತು.

ಆಮೇಲೆ ಹೊರಗಿನಿಂದ ಒಬ್ಬರು ಮಾತಾಡಿದರು. ಗದಗದ ಕಡೆಯ ಮೆಕ್ಯಾನಿಕ್. ಲಿಫ್ಟ್ ಜೋಡಿಸುವ ತಂಡದವರು. ಮುಖ ನೋಡಿ ಗೊತ್ತಿತ್ತು, ಮಾತಾಡಿದ್ದಿಲ್ಲ.

"ಅಂಜಬ್ಯಾಡ್ರಿ ಮೇಡಮ್ಮಾರ. ಮೋಟರ್ ರೂಮಿನ ಕೀಲಿ ತರಾಕ ಕಳಿಸೀನಿ. ಅಲ್ಲೀತನ ನಾ ಇಲ್ಲೇ ಇರ್ತೀನಿ."

ಕೀಲಿ ಇದ್ದ ಕಾವಲುಗಾರ ಊಟಕ್ಕೆ ಹೋಗಿದ್ದನಂತೆ. ಅವನು ಬರುವವರೆಗೂ ಮೆಕ್ಯಾನಿಕ್ ಬಾಗಿಲಾಚೆ ನಿಂತು ಮಾತಾಡಿದರು. ಹೆಂಡತಿ ಅಲ್ಲೇ ಹತ್ತಿರದ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಬಾಡಿಗೆ ರೂಮಿನಲ್ಲಿ ರೊಟ್ಟಿ ಬಡಿದರೆ ಕೆಳಗಿನವರು ಬೈಯುತ್ತಾರೆ, ಅದಕ್ಕೆ ಕಂಬಳಿ ಮಡಿಸಿ ಕೆಳಗೆ ಹಾಕಿಕೊಂಡು ಬಡಿಯುತ್ತಾಳೆ ಎಂದರು. ನಾನು ನಕ್ಕೆ. ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ ಎಂದು ಕೇಳಿದರು. ಮೇಜಿನ ಹತ್ತಿರವೇ ಎಂದೆ. ಒಬ್ಬರೇನಾ ಎಂದರು. ಹೌದೆಂದೆ.

"ಕೀಲಿ ಬಂತ್ರಿ. ಮ್ಯಾಲ ಹೋಗಿ ಕೈಲೆ ಇಳಸ್ತೀನಿ, ಇನ್ನ ನನ್ನ ದನಿ ಕೇಳಂಗಿಲ್ಲ. ಲಿಫ್ಟ್ ಅಲುಗಾಡಿದ್ರ ಅದು ನಾನ ಅಂತ ತಿಳ್ಕೋರಿ."

ಲಿಫ್ಟ್ ತೂಗಾಡುತ್ತ ಸ್ವಲ್ಪ ಸ್ವಲ್ಪವೇ ಇಳಿಯಿತು. ಬಾಗಿಲು ತೆರೆದಾಗ ಬೆಳಕು ಕಣ್ಣು ಕುಕ್ಕಿತು. ಇಷ್ಟು ಬೇಗ ಮುಗಿಯಿತಲ್ಲ ಎಂದೂ ಅನಿಸಿತು.

ಮಾರನೆಯ ದಿನ ಚಿಪ್ಪಿನಲ್ಲಿ ಆ ಜಾಗವನ್ನು ತೆರೆದು ನೋಡಿದೆ, ಖಾಲಿ. ಇದನ್ನು ಯಾರೂ ಕರೆಯದಿದ್ದರೂ ಉಳಿಸಿಕೋ ಎಂದು ಲಿಂಕರಿಗೆ ಬರೆದುಕೊಟ್ಟೆ. ಹೀಗೆ ಹೊರಗಿನವರು ಬಂದು ಓದುವಂಥದ್ದು ಇನ್ನೇನಿದೆ ಎಂದು ಕೂತು ಹುಡುಕಿದೆ. ಲಿಫ್ಟಿನೊಳಗೆ ನಿಂತು ಕರೆಂಟು ತೆಗೆಸಿದಾಗ ನನ್ನ ದನಿ ಬಂತು, ಈಗಿನದಕ್ಕಿಂತ ಹಗುರವಾಗಿ. ಜಾಗ ಇನ್ನೂ ಮಿಕ್ಕಿತ್ತು. ಮಾಲೀಕರು ಒಳ್ಳೇದಮ್ಮ ಎಂದರು.

ಮೆಕ್ಯಾನಿಕ್ಕಿಗೆ ಸರಿಯಾಗಿ ಥ್ಯಾಂಕ್ಸ್ ಹೇಳಿರಲಿಲ್ಲ. ಡಬ್ಬಿ ಹಿಡಿದುಕೊಂಡು ಅವರು ಉಣ್ಣುವ ಶೆಡ್ಡಿಗೆ ಹೋದೆ. ತಂಡ ಅಂದು ಬೆಳಿಗ್ಗೆಯೇ ತುಮಕೂರಿನ ಕೆಲಸಕ್ಕೆ ಹೋಗಿತ್ತು. ಅಲ್ಲಿದ್ದ ಬೆಂಚಿನ ಮೇಲೆ ಕೂತು ಉಂಡೆ.

ಸಂಜೆ ಮನೆ ತಲುಪಿದಾಗ ಮನೆಯೊಡತಿ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಇದೇ ಊರಿನ ಹಳೆಯ ಒಕ್ಕಲು ಮನೆತನದವರು. ಮೇಲಿನ ರೂಮು ನನಗೆ ಕೊಟ್ಟಿದ್ದಾರೆ. ಎಂದಿನಂತೆ ಹತ್ತಿ ಹೋಗದೆ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಲಿಂಕರಿನ ವಿಷಯ ಬಿಟ್ಟು, ಲಿಫ್ಟಿನದು ಮಾತ್ರ.

"ಒಳಗೆ ಗಾಳಿ ಆಡ್ತಿತ್ತೇನವ್ವಾ?" ಎಂದು ಕೇಳಿದರು.

ಆಡುತ್ತಿತ್ತು ಎಂದೆ. ಅಂಗಾದ್ರೆ ಸರಿ ಎಂದು ಮೊರವನ್ನು ನನ್ನ ಕಡೆ ಸರಿಸಿದರು. ಸೊಳ್ಳೆ ಬರುವವರೆಗೂ ಸುಲಿಯುತ್ತ ಕೂತಿದ್ದೆವು.