ರಸ್ತೆಯಲ್ಲೇ ಹೋಗೋಣ

ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಕಸುಬು ಬಟ್ಟೆ ಹೊಲಿಯುವುದು, ಆದರೆ ಹೆಸರು ಬಂದದ್ದು ನಾಲಿಗೆಯಿಂದ. ಆ ನಾಲಿಗೆಗೆ ಇಪ್ಪತ್ತೈದು ವರ್ಷಗಳಿಂದ ಸಿಗದೆ ನುಣುಚಿಕೊಂಡವನು ಒಬ್ಬನೇ, ತಂಗಿಯ ಗಂಡ.

ಅವನು ಮೊದಲು ಒಪ್ಪಿದ್ದು ಇವಳನ್ನು. ಮಾತುಕತೆ ಮುಗಿದು ದಿನವೂ ಗೊತ್ತಾಗಿತ್ತು. ಮದುವೆಗೆಂದು ಅವನ ಅಂಗಿಯನ್ನು ಇವಳೇ ಅಳತೆ ತೆಗೆದು ಹೊಲಿದಳು. ಆಮೇಲೆ ಏನಾಯಿತೋ, ಒಂದು ದಿನ ಅವನ ಕಡೆಯವರು ಬಂದು "ಚಿಕ್ಕವಳಾದರೆ ಆಗಬಹುದು" ಅಂದರು. ಮಹಾನುಭಾವ ಅದೇ ಅಂಗಿ ತೊಟ್ಟು ತಂಗಿಯ ಪಕ್ಕ ನಿಂತ. ಬೇರೊಂದು ಹೊಲಿಸಿಕೊಳ್ಳುವಷ್ಟು ನಾಚಿಕೆಯೂ ಇರಲಿಲ್ಲ. ತಂಗಿಯ ಮೇಲೆ ಇವಳಿಗೆ ಸಿಟ್ಟಿಲ್ಲ. ಆಗಿನ್ನೂ ಚಿಕ್ಕ ಹುಡುಗಿ, ಕೂರು ಅಂದಲ್ಲಿ ಕೂತಿದ್ದಳು. ಹಗೆಯೆಲ್ಲ ಅವನ ಮೇಲೆ. ಯಾಕೆ ಬಿಟ್ಟೆ ಎಂದು ಇವಳು ಕೇಳಬೇಕು, ಅವನು ಬಾಯಿಬಿಟ್ಟು ಹೇಳಬೇಕು. ಬೇಕಾಗಿದ್ದುದು ಅಷ್ಟೇ.

ಅವರು ದೂರದ ನಗರದಲ್ಲಿ ನೆಲೆಯಾದರು. ರಸ್ತೆಯಲ್ಲಿ ಹತ್ತು ಗಂಟೆ, ವಿಮಾನದಲ್ಲಿ ಒಂದೇ ಗಂಟೆ. ಇವಳು ಬರುತ್ತೇನೆ ಅಂದರೆ ಸಾಕು, ಅವನು ವಿಮಾನದ ಟಿಕೆಟ್ ಕಳಿಸುತ್ತಿದ್ದ.

"ಅಕ್ಕಾ, ಸುಮ್ನೆ ಯಾಕೆ ಬಸ್ಸಲ್ಲಿ ಮೈಕೈ ನೋಯಿಸ್ಕೋತೀರ?"

ಅಕ್ಕಾ ಅಂತೆ! ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ವಿಮಾನ ನಿಲ್ದಾಣಕ್ಕೆ ಬರುತ್ತಿದ್ದವನು ಡ್ರೈವರ್, ವಾಪಸು ಬಿಡುತ್ತಿದ್ದವನೂ ಡ್ರೈವರ್. ಮನೆಯಲ್ಲಿ ಅವನು ಒಬ್ಬನೇ ಕೈಗೆ ಸಿಕ್ಕಿದ್ದೇ ಇಲ್ಲ. ನೆಂಟರು ಅವನ ದೊಡ್ಡ ಮನಸ್ಸನ್ನು ಹೊಗಳಿದ್ದೇ ಹೊಗಳಿದ್ದು. ಆ ಟಿಕೆಟ್ಟು ತನ್ನನ್ನು ಬೇಗ ಸಾಗಹಾಕುವುದಕ್ಕೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಈಗ ಅವನ ಮಗಳ ಮದುವೆ. ಹುಡುಗಿಗೆ ದೊಡ್ಡಮ್ಮ ಹೊಲಿದ ಉಡುಪೇ ಆಗಬೇಕು. ಇವಳು ಅದನ್ನು ಕಚ್ಚಾ ಹೊಲಿಗೆಯಲ್ಲೇ ತಂದಳು. ಮೈಮೇಲೆ ಹಾಕಿ ನೋಡಿದ ಮೇಲೆಯೇ ಗಟ್ಟಿ ಹೊಲಿಗೆ, ಅದು ಅವಳ ಪದ್ಧತಿ. ಮದುವೆಯ ಬೆಳಿಗ್ಗೆ ಹುಡುಗಿ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಳು, ಜೋರಾಗಿ ಉಸಿರಾಡಿದರೆ ಪಕ್ಕದ ಹೊಲಿಗೆ ಬಿಚ್ಚಿಕೊಳ್ಳುವಂತಿತ್ತು. ಬಾಗಿಲ ತುಂಬ ನೆಂಟರು. ಕತ್ತರಿ ಅಕ್ಕ ಸೂಜಿಗೆ ದಾರ ಪೋಣಿಸಿಟ್ಟು ಕೈಕಟ್ಟಿ ಕೂತಳು.

"ದೊಡ್ಡಮ್ಮಾ, ಹೊತ್ತಾಯ್ತು!"

"ನಿಮ್ಮಪ್ಪನ್ನ ಕರಿ."

ಅವನು ಬಂದ.

"ನಾಳೆ ನನ್ನನ್ನ ಊರಿಗೆ ನೀನೇ ಬಿಡ್ಬೇಕು. ಕಾರಲ್ಲಿ. ಡ್ರೈವರ್ ಬೇಡ, ಬೇರೆ ಯಾರೂ ಬೇಡ. ಹೂಂ ಅಂದ್ರೆ ಹೊಲೀತೀನಿ."

"ಟಿಕೆಟ್ ಆಗಿದೆ ಅಕ್ಕಾ. ಕಾರಲ್ಲಿ ಅಂದ್ರೆ ಹತ್ತು ಗಂಟೆ..."

"ಗೊತ್ತು. ಅದಕ್ಕೇ ಕಾರು."

ಅವನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ಅವಳಿಗೆ ಹೊಟ್ಟೆ ತಣ್ಣಗಾಯಿತು.

"ಅಪ್ಪಾ, ಹೂಂ ಅನ್ನಿ!" ಎಂದಳು ಮಗಳು, ಅಳುವ ದನಿಯಲ್ಲಿ.

"ಅಷ್ಟೂ ಮಾಡಕ್ಕಾಗಲ್ವಾ ನಿಮಗೆ?" ಎಂದಳು ತಂಗಿ.

ಅವನು ಎಲ್ಲರೆದುರು ಹೂಂ ಅಂದ. ಅವಳು ಒಂದೆಳೆಯೂ ಆಚೀಚೆ ಹೋಗದಂತೆ ಹೊಲಿದುಕೊಟ್ಟಳು. ಹುಡುಗಿ ಏನು ತಪ್ಪು ಮಾಡಿತ್ತು, ಪಾಪ!

ಮರುದಿನ ನಗರ ದಾಟುವವರೆಗೂ ಅವನು ಬಿಸಿಲು, ಪೆಟ್ರೋಲು ಎಂದು ಏನೇನೋ ಹರಟಿದ. ಮಾತು ಮುಗಿದಾಗ ರೇಡಿಯೊ ಹಾಕಿದ. ಅವಳು ಅದನ್ನು ಬಂದ್ ಮಾಡಿದಳು.

"ಯಾಕೆ ಬಿಟ್ಟೆ ನನ್ನ?"

ಅವನು ರಸ್ತೆಯನ್ನೇ ನೋಡುತ್ತಿದ್ದ. ಮುಂದಿದ್ದ ಲಾರಿಯನ್ನು ಹಿಂದೆ ಹಾಕಿ, "ನಿಜ ಹೇಳ್ಲಾ? ನೆನಪೇ ಇಲ್ಲ," ಎಂದ.

ಇಷ್ಟು ವರ್ಷ ತಾನು ಒಳಗೊಳಗೇ ಬೆಂದದ್ದು ಇವನಿಗೆ ನೆನಪಿನಲ್ಲೂ ಉಳಿಯದ ಒಂದು ಸಂಗತಿಗಾಗಿ! ಅವಳು ಅಳಲಿಲ್ಲ. ಸೀಟಿಗೆ ಚೆನ್ನಾಗಿ ಒರಗಿ ಕೂತಳು.

"ಸರಿ, ನಿಧಾನಕ್ಕೆ ಓಡಿಸು. ನೆನಪಾಗೋವರೆಗೆ ಎಲ್ಲೂ ಇಳಿಯೋ ಹಾಗಿಲ್ಲ."