ಸಿಂಕಿನ ಮುಂದಿನ ಪಟ್ಟಿ

ನಮ್ಮಪ್ಪನನ್ನು ಎಲ್ಲರೂ ಹನಿರಾಯ ಎಂದು ಕರೆಯುತ್ತಾರೆ. ಅಡುಗೆಕಟ್ಟೆಗೆ ಕಲ್ಲು ಹಾಸುವುದು, ಅದು ಎಣ್ಣೆ, ನೀರು ಹೀರದಂತೆ ಸೀಲರ್ ಬಳಿಯುವುದು ಅವನ ಕಸುಬು. ಯಾವ ಮನೆಗೆ ಹೋದರೂ ಮೊದಲು ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಕೈಕಟ್ಟಿ ಕಾಯುತ್ತಾನೆ. ಹನಿ ದುಂಡಗೆ ನಿಂತರೆ ಸರಿ. ಅಡಿಯಲ್ಲಿ ಕಲ್ಲು ಕಪ್ಪಾದರೆ, "ಇದಕ್ಕೆ ಬಾಯಾರಿದೆ," ಎಂದು ಡಬ್ಬಿ ತೆಗೆಯುತ್ತಾನೆ. ನನ್ನ ಗಂಡನ ಮನೆಗೆ ಮೊದಲ ಸಲ ಬಂದಾಗಲೂ ನೇರ ಅಡುಗೆಮನೆಗೆ ನುಗ್ಗಿ, ಬೀಗರೆದುರು ನಮ್ಮ ಮಾನ ಕಳೆದಿದ್ದ.

ನಾವು ಬೇರೆ ಮನೆ ಕಟ್ಟಿದಾಗ ಬೂದು ಗ್ರಾನೈಟಿನ ಕಟ್ಟೆ ಹಾಸಿಕೊಟ್ಟವನೂ ಅವನೇ. ಬಂದವರಿಗೆಲ್ಲ ಅದನ್ನು ತೋರಿಸಿ ಮೆರೆದವಳು ನಾನು.

ಬೇರೆಯವರ ಮನೆಗೆ ವರ್ಷಕ್ಕೊಮ್ಮೆ ಹೋಗುವವನು ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರತೊಡಗಿದ. "ಕಲ್ಲಿಗೂ ಬಾಣಂತನ ಮಾಡ್ತಾರೆ ನಿಮ್ಮಪ್ಪ," ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಅವನು ಹನಿ ಬಿಡುತ್ತಿದ್ದುದು ಒಂದೇ ಜಾಗದಲ್ಲಿ, ಸಿಂಕಿನ ಮುಂದಿನ ನಾಲ್ಕು ಬೆರಳಗಲದ ಪಟ್ಟಿಯ ಮೇಲೆ. ಪ್ರತಿ ಸಲವೂ ಅಲ್ಲಿ ಕಲ್ಲು ಕಪ್ಪಾಗುತ್ತಿತ್ತು, ಅವನು ಮತ್ತೆ ಸೀಲರ್ ಬಳಿಯುತ್ತಿದ್ದ.

"ಮೊಮ್ಮಗಳನ್ನ ನೋಡೋಕೆ ಬಂದ್ಯೋ, ಕಲ್ಲನ್ನೋ?" ಎಂದು ರೇಗಿಸಿದರೆ, "ಎರಡೂ ನನ್ನವೇ ಅಲ್ವೇನೇ," ಎನ್ನುತ್ತಿದ್ದ. ನಗುತ್ತಿರಲಿಲ್ಲ.

ಆ ಪಟ್ಟಿಯ ಕೆಳಗೆ ಪರದೆ ಇಳಿಬಿಟ್ಟ ಗೂಡು. ಮೂರು ವರ್ಷದ ನನ್ನ ಮಗಳು ಅದರೊಳಗೆ ಹಳೆಯ ಪಾತ್ರೆ ಹರಡಿಕೊಂಡು ಅಡುಗೆಯಾಟ ಆಡುತ್ತಿದ್ದಳು. ಒಂದು ದಿನ ಅಪ್ಪ ಪರದೆ ಸರಿಸಿ, "ಬಾ ಹೊರಗೆ!" ಎಂದು ಅಬ್ಬರಿಸಿದ. ನನ್ನನ್ನು ಒಂದು ದಿನವೂ ಗದರಿಸದ ಮನುಷ್ಯ. ಮಗು ಬೆಚ್ಚಿ ಅತ್ತಿತು. ನನಗೆ ಮೈಯೆಲ್ಲ ಉರಿಯಿತು.

"ಅರಳು ಮರಳಾ ನಿಂಗೆ? ಮಗು ಮೇಲೆ ಯಾಕಪ್ಪಾ ಕೂಗಾಡ್ತೀಯ?"

"ಅಲ್ಲಿ ಜಿರಳೆ ಇರುತ್ತೆ," ಎಂದ. ಅಡುಗೆಮನೆಯನ್ನು ಕನ್ನಡಿಯ ಹಾಗೆ ಇಟ್ಟುಕೊಂಡ ನನಗೆ ಈ ಮಾತು! ಎರಡು ವಾರ ಫೋನ್ ಮಾಡಲಿಲ್ಲ.

ಆ ಎರಡು ವಾರದಲ್ಲಿ ಪಟ್ಟಿಯ ಮೇಲಿನ ಕಪ್ಪು ಕಲೆ ಒಣಗುವುದನ್ನೇ ಬಿಟ್ಟಿತು. ಆಮೇಲೆ ಅದರ ನಡುವೆ ಕೂದಲೆಳೆಯಂಥ ಗೆರೆ ಮೂಡಿ, ಕಂದು ನೀರು ಜಿನುಗಿತು. ಮುಟ್ಟಿ ಮೂಸಿದೆ. ತುಕ್ಕಿನ ವಾಸನೆ. ಕಲ್ಲಿಗೆಲ್ಲಿಯ ತುಕ್ಕು? ಬಿಂಕ ಬಿಟ್ಟು ಅಪ್ಪನಿಗೆ ಫೋನ್ ಮಾಡಿದೆ.

ಅರ್ಧ ಗಂಟೆಯಲ್ಲಿ ಬಂದ. ಈ ಸಲ ಹನಿ ಬಿಡಲಿಲ್ಲ. ಗೆರೆಯ ಮೇಲೆ ಉಗುರು ಎಳೆದ.

"ಹಾಸೋ ದಿನ ಈ ಪಟ್ಟಿ ನನ್ನ ಕೈಯಲ್ಲೇ ಮುರೀತು ಕಣೇ," ಎಂದ. "ಮಾರನೇ ದಿನ ನೀವು ಸಾಮಾನು ತರೋರಿದ್ರಿ. ಅಂಟು ಹಾಕಿ ಕೂಡಿಸಿ, ಅಡಿಯಲ್ಲಿ ಕಲ್ಲು ಕೊರೆದು ಒಳಗೆ ಕಬ್ಬಿಣದ ಸರಳು ಕೂರಿಸ್ದೆ. ತುಕ್ಕು ಹಿಡಿಯದ ಸರಳು ಹತ್ರ ಇರ್ಲಿಲ್ಲ. ಆಮೇಲೆ ಬದಲಾಯಿಸಿದ್ರಾಯ್ತು ಅಂದ್ಕೊಂಡೆ."

"ಆರು ವರ್ಷ ಆಯ್ತಲ್ಲಪ್ಪಾ!"

"ನಾಚಿಕೆ ಆಯ್ತು. ಮಗಳಿಗೆ ಒಡಕು ಕಲ್ಲು ಕೊಟ್ಟ ಅಂತಾರಲ್ಲ. ಮೇಲಿಂದ ನೀರು ಇಳೀಬಾರ್ದು ಅಂತ ಬಳಿದೆ, ಬಳಿದೆ. ಅದು ಸಿಂಕಿನ ಅಂಚಿಂದ ಒಳಗೆ ಹೋಗ್ತಿತ್ತು. ಮೇಲೆ ಮುಚ್ಚಿ ಮುಚ್ಚಿ ಅದು ಆರದ ಹಾಗೆ ಮಾಡಿದೋನು ನಾನೇ. ಈಗ ಸರಳು ತುಕ್ಕು ಹಿಡಿದು ಉಬ್ಬಿ ಕಲ್ಲನ್ನ ಸೀಳ್ತಿದೆ. ಮಗು ಎಲ್ಲಿ?"

ಪರದೆಯ ಹಿಂದೆ ಒಂದು ತಟ್ಟೆ ಸದ್ದಾಯಿತು. ಅಜ್ಜ ಬಂದನೆಂದು ಹೆದರಿ ಅಲ್ಲೇ ಅಡಗಿ ಕೂತಿದ್ದಳು.

ಕಲ್ಲು ಕಟ್ ಎಂದಿತು. ಅಪ್ಪ ಎರಡೂ ಅಂಗೈಗಳನ್ನು ಪಟ್ಟಿಯ ಅಡಿಗೆ ಕೊಟ್ಟ. "ಎಳಿ, ಮಗೂನ ಎಳಿ!" ಒಂದು ಕಾಲು ಸಿಕ್ಕಿತು, ಎಳೆದೆ. ಪಟ್ಟಿ, ಪಾತ್ರೆ ತುಂಬಿದ ಸಿಂಕು, ಎಲ್ಲ ಅಪ್ಪನ ಕೈಯನ್ನೂ ಸೇರಿಸಿಕೊಂಡು ನೆಲಕ್ಕೆ ಬಂತು.

ಮಗುವಿಗೆ ಒಂದು ಗೀರೂ ಆಗಲಿಲ್ಲ. ಅಪ್ಪನ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಅವನ್ನು ನೋಡಿದರೆ ನನಗೆ ಅಳುವೂ ಬರುತ್ತದೆ, ಕೋಪವೂ ಬರುತ್ತದೆ. ಕಲ್ಲು ಮುರಿಯಿತು ಎಂದು ಅಂದೇ ಹೇಳಿದ್ದರೆ ನಾಲ್ಕು ದಿನ ಆಡಿಕೊಂಡು ನಗುತ್ತಿದ್ದೆ, ಅಷ್ಟೇ.

ಹೊಸ ಕಲ್ಲನ್ನು ಬೇರೆಯವರು ಹಾಸಿದರು. ಮೊನ್ನೆ ಅಪ್ಪ ಬಂದು, ಎಡಗೈಯಲ್ಲಿ ನಾಲ್ಕು ಹನಿ ಬಿಟ್ಟು ಕಾದ. ಹನಿಗಳು ದುಂಡಗೆ ನಿಂತವು. ಮಗಳು ಪಾತ್ರೆ ಹಿಡಿದು ಗೂಡಿನ ಮುಂದೆ ನಿಂತು, "ಅಜ್ಜ, ಒಳಗೆ ಹೋಗ್ಲಾ?" ಎಂದಳು.

"ಹೋಗು ಪುಟ್ಟಿ, ಈಗ ಏನೂ ಆಗಲ್ಲ," ಎಂದ.

ನಾನು ಅವಳ ತೋಳು ಹಿಡಿದುಕೊಂಡೆ. ಅಪ್ಪ ಅದನ್ನು ನೋಡಿದ. ಜೇಬಿನಿಂದ ಬಟ್ಟೆ ತೆಗೆದು, ಹನಿಗಳನ್ನು ಒಂದೊಂದಾಗಿ ಒರೆಸಿದ.