ಅರವತ್ತು ಕೆಜಿಯೊಳಗಿನ ಆಟಗಾರ

ಕಬಡ್ಡಿಯಲ್ಲಿ ನಾನು ರೈಡರ್. ರಾಜ್ಯಕ್ಕೆ ಆಡಲಿಲ್ಲ, ಜಿಲ್ಲೆಗೂ ಒಂದೇ ಸಲ. ಉಳಿದ ಆಯುಷ್ಯವೆಲ್ಲ ಕುಷ್ಟಗಿ, ಯಲಬುರ್ಗಾ, ಕನಕಗಿರಿ ಅಂತ ಕರೆದ ಊರಿನ ತಂಡಕ್ಕೆ ಆಡಿದವನು. ಬಸ್ ಚಾರ್ಜು, ಮಧ್ಯಾಹ್ನದ ಊಟ, ಗೆದ್ದರೆ ಒಂದು ಕಪ್ಪು. ಇದ್ದದ್ದರಲ್ಲಿ ದೊಡ್ಡ ಕಪ್ಪಿನಲ್ಲಿ ಹೆಂಡತಿ ಸೌಟುಗಳನ್ನು ನಿಲ್ಲಿಸಿದ್ದಾಳೆ. ಸರಿಯಾಗೇ ಮಾಡಿದ್ದಾಳೆ ಬಿಡಿ.

ನಮ್ಮ ಕಡೆ ಎಷ್ಟೋ ಪಂದ್ಯಗಳು ತೂಕದ ಲೆಕ್ಕದ ಮೇಲೆ ನಡೆಯುತ್ತವೆ. ತೂಕದ ಮಿತಿ ಇಲ್ಲದ ಕಡೆ ದೂರದೂರದಿಂದ ಗೂಳಿಯಂಥವರು ಬರುತ್ತಾರೆ. ಅವರ ಕೈಗೆ ಸಿಕ್ಕರೆ ನನ್ನ ಎಲುಬು ಉಳಿಯುವುದಿಲ್ಲ. ಅರವತ್ತು ಕೆಜಿಯೊಳಗಿದ್ದರೆ ಮಾತ್ರ ನನಗೆ ಬೆಲೆ. ಮೂವತ್ತು ದಾಟಿದ ಮೇಲೆ ಈ ಹಾಳು ಮೈ ಗಾಳಿ ಕುಡಿದರೂ ದಪ್ಪಗಾಗತೊಡಗಿತು. ಪಂದ್ಯಕ್ಕೆ ಮುಂಚೆ ರೊಟ್ಟಿ ಬಿಟ್ಟೆ, ನೀರು ಬಿಟ್ಟೆ, ಸ್ವೆಟರ್ ಹಾಕಿಕೊಂಡು ಓಡಿದೆ. ಕೊಪ್ಪಳದ ಬಿಸಿಲಲ್ಲಿ ಸ್ವೆಟರ್! ಓಣಿಯ ಮಂದಿ ನಗುತ್ತಿದ್ದರು. ಹೆಂಡತಿ ನಗುತ್ತಿರಲಿಲ್ಲ.

"ಸಾಕ್ ಮಾಡ್ರಿ ಇನ್ನ. ಆಡೂದು ಬಿಟ್ರ ಏನ್ ಸಾಯ್ತೀರೇನು?" ಎಂದಳು.

ಹೌದು, ಸಾಯ್ತೀನಿ ಅನ್ನಬೇಕಿತ್ತು. ಗೊಬ್ಬರದ ಅಂಗಡಿಯಲ್ಲಿ ದಿನವಿಡೀ ಚೀಲ ಹೊರುವವನನ್ನು ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ? ನನ್ನ ಹೆಸರು ಕೇಳುತ್ತಿದ್ದದ್ದು ಪಂದ್ಯದ ಮೈಕಿನಲ್ಲಿ ಮಾತ್ರ.

ಹೋದ ವರ್ಷ ಗಂಗಾವತಿ ಹತ್ತಿರದ ಹಳ್ಳಿಯೊಂದರಲ್ಲಿ ಪಂದ್ಯ. ಈ ಸಲ ತೂಕ ಹೆಚ್ಚಾದರೆ ಇನ್ನು ಮುಂದೆ ಕರೆಯುವುದಿಲ್ಲ ಎಂದು ಕ್ಯಾಪ್ಟನ್ ಮುಖಕ್ಕೆ ಹೊಡೆದಂತೆ ಹೇಳಿದ್ದ. ಎರಡು ದಿನ ಬರೀ ಬಾಯಿ ಮುಕ್ಕಳಿಸಿ ಉಗುಳಿದೆ. ತೂಕದ ಯಂತ್ರದ ಮೇಲೆ ನಿಂತಾಗ ಅಂಕಿ ಅರವತ್ತರ ಕೆಳಗೇ ನಿಂತಿತು. ಖುಷಿಗೆ ಕಣ್ಣಲ್ಲಿ ನೀರು ಬರಬೇಕಿತ್ತು, ಮೈಯಲ್ಲಿ ನೀರೇ ಇರಲಿಲ್ಲ. ಆಮೇಲೆ ಕುಡಿದ ಎಳನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಮೊದಲ ರೈಡಿಗೇ ಎದುರಾಳಿಗಳ ಮೂಲೆಯವರೆಗೆ ನುಗ್ಗಿದೆ. ತಿರುಗುವಾಗ ಮೀನಖಂಡ ಸೆಟೆದುಕೊಂಡು ದಬಕ್ಕನೆ ಬಿದ್ದೆ. ಇನ್ನೇನು ಎಲ್ಲರೂ ಮೈಮೇಲೆ ಬೀಳುತ್ತಾರೆ, ಅವ್ವ ಅಪ್ಪನನ್ನೆಲ್ಲ ಎತ್ತಿ ಬೈಯುತ್ತಾರೆ ಎಂದು ಹಲ್ಲು ಕಚ್ಚಿದೆ. ಇಷ್ಟು ವರ್ಷ ಹಾಗೇ ನಡೆದಿತ್ತು. ಆ ಬೈಗುಳ ಕೇಳಿದರೇ ನನಗೆ ಮತ್ತೆ ಹುರುಪು ಬರುತ್ತಿತ್ತು.

ಯಾರೂ ಬೀಳಲಿಲ್ಲ. ಮೂಲೆಯಲ್ಲಿ ಆಡುತ್ತಿದ್ದವನು ನನ್ನ ಪಾದವನ್ನು ಮೆಲ್ಲಗೆ ಹಿಡಿದು, ಅಂಪೈರ್ ಸೀಟಿ ಊದುವತನಕ ಸುಮ್ಮನೆ ಕೂತ. ಊದಿದ ಮೇಲೆ ಅದೇ ಕಾಲನ್ನು ನೀವತೊಡಗಿದ.

"ಕಾಕಾ, ಭಾಳ ಪೆಟ್ಟಾತೇನ್ರಿ? ಸಾವಕಾಶ ಏಳ್ರಿ."

ಅವನ ಮೇಲೆ ಸಿಟ್ಟು ಬಂದಿದ್ದರೆ ಇನ್ನೊಂದು ವರ್ಷ ಆಡುತ್ತಿದ್ದೆನೇನೋ. ಬರಲಿಲ್ಲ. ಅವನ ಹೆಗಲಿಗೆ ಆತುಕೊಂಡು ಎದ್ದೆ. ಛಲೋ ಆಡ್ತೀಯಪಾ ಎಂದು ಬೆನ್ನು ತಟ್ಟಿ, ಕುಂಟುತ್ತ ಹೊರಗೆ ಹೋಗಿ ನೋಡುವವರ ಸಾಲಿನಲ್ಲಿ ಕೂತೆ.